ಕರಗದ ಲವಣದ ಲೆಕ್ಕ



ಅಡಿಗೆ ಉಪ್ಪು ಕರಗಿದ ತಿಳಿನೀರಿಗೆ ಸಿಲ್ವರ್ ನೈಟ್ರೇಟಿನ ಅಷ್ಟೇ ತಿಳಿಯಾದ ದ್ರಾವಣವನ್ನು ನಾಲ್ಕು ಹನಿ ಬಿಟ್ಟೊಡನೆ ಪಾತ್ರೆಯ ತುಂಬ ಬೆಳ್ಳನೆಯ ಒತ್ತರವೊಂದು ಮೂಡಿ ಮೆಲ್ಲಮೆಲ್ಲನೆ ತಳಕ್ಕಿಳಿಯುವುದನ್ನು, ರಸಾಯನಶಾಸ್ತ್ರವನ್ನು ಒಂದೆರಡು ವರ್ಷವಾದರೂ ಅಭ್ಯಾಸ ಮಾಡಿದವರೆಲ್ಲರೂ ಕಂಡಿರುತ್ತಾರೆ. ಅದು ಸಿಲ್ವರ್ ಕ್ಲೋರೈಡ್. ನೀರಿನಲ್ಲಿ ಕರಗದ ಲವಣವೆಂದು ಪಠ್ಯಪುಸ್ತಕಗಳು ಅದನ್ನು ಹೇಳುತ್ತವೆ; ವಿದ್ಯಾರ್ಥಿಯೂ ಹಾಗೆಂದೇ ಬರೆದುಕೊಂಡು ಮುಂದಿನ ಪರೀಕ್ಷೆಗೆ ತೊಡಗುತ್ತಾನೆ. ಆದರೆ ಆ ಒತ್ತರವನ್ನು ಸೋಸಿ, ತೊಳೆದು, ಬಟ್ಟಿ ಇಳಿಸಿದ ಶುದ್ಧಜಲದಲ್ಲಿ ಬಹುಕಾಲ ಕಲಕಿ, ಬಳಿಕ ಆ ನೀರನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರೆ, 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರಿಗೆ ಸುಮಾರು 1.9 ಮಿಲಿಗ್ರಾಂನಷ್ಟು ಸಿಲ್ವರ್ ಕ್ಲೋರೈಡ್ ಅದರಲ್ಲಿ ಕರಗಿರುವುದು ಕಂಡುಬರುತ್ತದೆ. ಆಮೇಲೆ ಎಷ್ಟು ಹೊತ್ತು ಕಲಕಿದರೂ ಅದು ಹೆಚ್ಚಾಗದು, ಎಷ್ಟು ಹೊತ್ತು ಬಿಟ್ಟರೂ ಕಡಮೆಯಾಗದು. ಈ ನಿಯತವಾದ ಅಲ್ಪಾಂಶದ ಹಿಂದೆ ಇರುವ ನಿಯಮವಾವುದು, ಆ ನಿಯಮವನ್ನು ಒಂದು ಸಂಖ್ಯೆಯ ರೂಪಕ್ಕೆ ತರುವ ಬಗೆ ಹೇಗೆ, ಹಾಗೆ ದೊರೆತ ಸಂಖ್ಯೆಯಿಂದ ನಮ್ಮ ಬಾಳಿಗೆ ಆಗತಕ್ಕ ಪ್ರಯೋಜನವೇನು ಎಂಬ ಮೂರು ಸಂಗತಿಗಳನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನಡುವೆ ಕೆಲವು ಲೆಕ್ಕಗಳು ಬರುವುದರಿಂದ, ಸಾಧ್ಯವಿದ್ದವರು ಕಾಗದವನ್ನೂ ಸೀಸದಕಡ್ಡಿಯನ್ನೂ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಗುಣಾಕಾರ, ಭಾಗಾಕಾರ, ವರ್ಗಮೂಲ, ಘನಮೂಲಗಳಿಗಿಂತ ಹೆಚ್ಚಿನ ವಿದ್ಯೆಯೇನೂ ಬೇಕಾಗದು.

ಲವಣವೊಂದು ನೀರಿನಲ್ಲಿ ಕರಗುವುದೆಂದರೆ, ಅದರ ಹರಳಿನಲ್ಲಿ ಒತ್ತೊತ್ತಾಗಿ ನೆಲೆನಿಂತಿರುವ ಧನ ಅಯಾನುಗಳೂ ಋಣ ಅಯಾನುಗಳೂ, ಅಂದರೆ ವಿದ್ಯುದಂಶವನ್ನು ಹೊತ್ತ ಕಣಗಳು, ನೀರಿನ ಅಣುಗಳ ಆಕರ್ಷಣೆಗೆ ಒಳಗಾಗಿ ಕಳಚಿಕೊಂಡು ದ್ರಾವಣವನ್ನು ಸೇರುವುದು. ಹೀಗೆ ಸೇರಿದ ಅಯಾನುಗಳು ಅಲ್ಲಿಯೇ ನಿಲ್ಲುವುದಿಲ್ಲ. ಅತ್ತಿತ್ತ ಸಂಚರಿಸುತ್ತಿರುವಾಗ ಅವುಗಳಲ್ಲಿ ಕೆಲವು ಮರಳಿ ಹರಳಿನ ಮೈಗೆ ತಾಗಿ ಅಲ್ಲಿಯೇ ನೆಲೆಗೊಳ್ಳುತ್ತವೆ. ಮೊದಮೊದಲು ಹೊರಡುವವು ಹೆಚ್ಚು, ಮರಳುವವು ಕಡಮೆ. ದ್ರಾವಣದಲ್ಲಿ ಅಯಾನುಗಳ ಸಂಖ್ಯೆ ಬೆಳೆದಂತೆಲ್ಲ ಮರಳುವವುಗಳ ಸಂಖ್ಯೆಯೂ ಬೆಳೆದು, ಕಡೆಗೊಮ್ಮೆ ಎರಡೂ ಸಮನಾಗುತ್ತವೆ. ಕೋಡಿ ಬಿದ್ದ ಕೆರೆಯಲ್ಲಿ ಒಳಹರಿವೂ ಹೊರಹರಿವೂ ನಡೆಯುತ್ತಲೇ ಇದ್ದರೂ ನೀರಿನ ಮಟ್ಟ ಮಾತ್ರ ಕದಲದೆ ನಿಲ್ಲುವಂತೆ, ಇಲ್ಲಿಯೂ ಎಡೆಬಿಡದ ಚಲನೆಯ ನಡುವೆ ಕರಗಿದ ಲವಣದ ಮೊತ್ತ ಸ್ಥಿರವಾಗಿ ನಿಲ್ಲುತ್ತದೆ. ಈ ಅವಸ್ಥೆಗೆ ಬಂದ ದ್ರಾವಣವೇ ಸಂತೃಪ್ತ ದ್ರಾವಣ.

ಈ ಸಮತೋಲವನ್ನು ಲೆಕ್ಕಕ್ಕೆ ಒಳಪಡಿಸುವ ದಾರಿಯನ್ನು ತೆರೆದವರು ನಾರ್ವೆ ದೇಶದ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬ ಇಬ್ಬರು ವಿದ್ವಾಂಸರು. ಒಬ್ಬನು ಗಣಿತಜ್ಞ, ಮತ್ತೊಬ್ಬನು ರಸಾಯನವಿಜ್ಞಾನಿ. ಪರಸ್ಪರ ವರ್ತಿಸುವ ವಸ್ತುಗಳ ಕ್ರಿಯೆಯ ವೇಗವು ಅವುಗಳ ಸಾರತೆಯ, ಅಂದರೆ ಒಂದು ಲೀಟರಿನಲ್ಲಿರುವ ಮೊತ್ತದ, ಗುಣಲಬ್ಧವನ್ನು ಅನುಸರಿಸುತ್ತದೆಂಬ ವಿಚಾರದ ಬೀಜವನ್ನು ಅವರು 1864ರಲ್ಲಿ ಬಿತ್ತಿದರು. 1884ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ತನ್ನ ಪ್ರಬಂಧವನ್ನು ಒಪ್ಪಿಸಿದ ಆರ್ರೇನಿಯಸ್ ಎಂಬ ತರುಣನು, ಲವಣಗಳು ನೀರಿನಲ್ಲಿ ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುತ್ತವೆಂಬ ಸಿದ್ಧಾಂತಕ್ಕೆ ತಳಹದಿ ಹಾಕಿದನು. ಪ್ರಬಂಧಕ್ಕೆ ಅಲ್ಲಿ ದೊರೆತದ್ದು ಕೆಳದರ್ಜೆಯ ಮನ್ನಣೆಯಾದರೂ, 1903ರಲ್ಲಿ ಅದೇ ಸಿದ್ಧಾಂತಕ್ಕೆ ನೊಬೆಲ್ ಪಾರಿತೋಷಿಕ ಬಂದಿತು. ಈ ಎರಡು ವಿಚಾರಧಾರೆಗಳನ್ನೂ ಒಂದೆಡೆ ಕೂಡಿಸಿ, 1889ರಲ್ಲಿ, ಜರ್ಮನಿಯ ಲೈಪ್ಸಿಗ್ ನಗರದಲ್ಲಿ ರಸಾಯನವಿಜ್ಞಾನಿ ಆಸ್ಟ್‌ವಾಲ್ಡನ ಸಹಾಯಕನಾಗಿದ್ದ ವಾಲ್ಟರ್ ನೆರ್ನ್‌ಸ್ಟ್ ಎಂಬ ಇಪ್ಪತ್ತೈದರ ತರುಣನು ಪ್ರತಿಪಾದಿಸಿದ ನಿಯಮವೇ ಇಂದಿನ ನಮ್ಮ ವಿಷಯ. ಅದರ ತಾತ್ಪರ್ಯವಿಷ್ಟು: ಅಲ್ಪವಾಗಿ ಕರಗುವ ಲವಣದ ಸಂತೃಪ್ತ ದ್ರಾವಣದಲ್ಲಿ, ನಿಯತ ಉಷ್ಣತೆಯಲ್ಲಿ, ಅದರ ಅಯಾನುಗಳ ಸಾರತೆಗಳನ್ನು ಒಂದರೊಡನೊಂದು ಗುಣಿಸಿದರೆ ದೊರೆಯುವ ಲಬ್ಧವು ಒಂದು ಸ್ಥಿರಸಂಖ್ಯೆ. ಅದನ್ನು ದ್ರಾವ್ಯತಾ ಗುಣಲಬ್ಧವೆಂದು ಕರೆಯುತ್ತೇವೆ.

ತಳದಲ್ಲಿ ಉಳಿದ ಘನಲವಣದ ಮೊತ್ತವು ಈ ಗುಣಾಕಾರದಲ್ಲಿ ಏಕೆ ಸೇರಲಿಲ್ಲವೆಂಬ ಪ್ರಶ್ನೆ ವಿವೇಚಕರಾದ ಕೇಳುಗರಿಗೆ ಬಾರದಿರದು. ಹರಳಿನ ಮೈ ದೊಡ್ಡದಾದಷ್ಟೂ ಹೊರಡುವ ಅಯಾನುಗಳಿಗೆ ಎಷ್ಟರಮಟ್ಟಿಗೆ ಎಡೆ ಹೆಚ್ಚುವುದೋ ಮರಳುವ ಅಯಾನುಗಳಿಗೂ ಅಷ್ಟರಮಟ್ಟಿಗೇ ಹೆಚ್ಚುವುದರಿಂದ, ಸಮತೋಲದ ನೆಲೆ ಅದರಿಂದ ಕದಲುವುದಿಲ್ಲ. ಚಿಟಿಕೆಯಷ್ಟು ಉಳಿದಿದ್ದರೂ ಸರಿ, ಸೇರಿನಷ್ಟು ಉಳಿದಿದ್ದರೂ ಸರಿ, ಮೇಲಿನ ನೀರಿನಲ್ಲಿ ಕರಗಿರುವುದು ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಮೊದಲು ಸರಳವಾದ ಸಿಲ್ವರ್ ಕ್ಲೋರೈಡನ್ನೇ ತೆಗೆದುಕೊಳ್ಳೋಣ. ಒಂದು ಲೀಟರಿನಲ್ಲಿ ಕರಗಿರುವುದು 1.9 ಮಿಲಿಗ್ರಾಂ, ಅಂದರೆ 0.0019 ಗ್ರಾಂ. ಆದರೆ ನಿಯಮವು ತೂಕವನ್ನು ಕೇಳುವುದಿಲ್ಲ, ಕಣಗಳ ಎಣಿಕೆಯನ್ನು ಕೇಳುತ್ತದೆ. ಆದಕಾರಣ ತೂಕವನ್ನು ಕಣಗಳ ಎಣಿಕೆಯ ಮಾನವಾದ ಮೋಲುಗಳಿಗೆ ಪರಿವರ್ತಿಸುವುದು ಮೊದಲನೆಯ ಮೆಟ್ಟಿಲು. ಈ ಲವಣದ ಒಂದು ಮೋಲ್ 143.3 ಗ್ರಾಂ ತೂಗುತ್ತದೆ. 0.0019ನ್ನು 143.3ರಿಂದ ಭಾಗಿಸಿದರೆ 1.33 × 10⁻⁵ ಮೋಲ್ ಬರುತ್ತದೆ. ಎರಡನೆಯ ಮೆಟ್ಟಿಲಿನಲ್ಲಿ ಅಯಾನುಗಳನ್ನು ಎಣಿಸಬೇಕು: ಸಿಲ್ವರ್ ಕ್ಲೋರೈಡಿನ ಪ್ರತಿಯೊಂದು ಘಟಕವೂ ಒಂದು ಸಿಲ್ವರ್ ಅಯಾನನ್ನೂ ಒಂದು ಕ್ಲೋರೈಡ್ ಅಯಾನನ್ನೂ ಕೊಡುವುದರಿಂದ, ಎರಡರ ಸಾರತೆಯೂ ಲೀಟರಿಗೆ 1.33 × 10⁻⁵ ಮೋಲ್. ಮೂರನೆಯ ಮೆಟ್ಟಿಲು ಗುಣಾಕಾರ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಸುಮಾರು 1.8 × 10⁻¹⁰ ದೊರೆಯುತ್ತದೆ. ಇದೇ 25 ಡಿಗ್ರಿಯಲ್ಲಿ ಸಿಲ್ವರ್ ಕ್ಲೋರೈಡಿನ ದ್ರಾವ್ಯತಾ ಗುಣಲಬ್ಧ.

ಎರಡನೆಯ ಉದಾಹರಣೆಯಾಗಿ ಕ್ಯಾಲ್ಸಿಯಂ ಫ್ಲೋರೈಡನ್ನು ಆರಿಸಿಕೊಳ್ಳುತ್ತೇನೆ. ಏಕೆಂದರೆ ಮುಂದೆ ನಮ್ಮ ನಾಡಿನ ಬಾವಿಗಳ ವಿಚಾರಕ್ಕೆ ಬಂದಾಗ ಈ ಲವಣವೇ ಪ್ರಧಾನವಾಗುತ್ತದೆ. ಇದು ಒಂದು ಲೀಟರು ಶುದ್ಧಜಲದಲ್ಲಿ ಸುಮಾರು 16 ಮಿಲಿಗ್ರಾಂನಷ್ಟು ಕರಗುತ್ತದೆ. ಇದರ ಒಂದು ಮೋಲಿನ ತೂಕ 78 ಗ್ರಾಂ. ಭಾಗಿಸಿದರೆ ಲೀಟರಿಗೆ 2.05 × 10⁻⁴ ಮೋಲ್. ಇದರ ಪ್ರತಿಯೊಂದು ಘಟಕದಲ್ಲಿ ಕ್ಯಾಲ್ಸಿಯಂ ಒಂದು, ಫ್ಲೋರೈಡ್ ಎರಡು. ಆದುದರಿಂದ ಕ್ಯಾಲ್ಸಿಯಂ ಅಯಾನಿನ ಸಾರತೆ 2.05 × 10⁻⁴ ಆದರೆ, ಫ್ಲೋರೈಡ್ ಅಯಾನಿನ ಸಾರತೆ ಅದರ ಇಮ್ಮಡಿ, 4.1 × 10⁻⁴. ಗುಣಲಬ್ಧವನ್ನು ಬರೆಯುವಾಗ ಕ್ಯಾಲ್ಸಿಯಂ ಒಂದು ಸಲ ಬರುತ್ತದೆ, ಫ್ಲೋರೈಡ್ ಎರಡು ಸಲ ಬರುತ್ತದೆ. ಅಂದರೆ ಫ್ಲೋರೈಡಿನ ಸಾರತೆಯ ವರ್ಗವನ್ನು ಕ್ಯಾಲ್ಸಿಯಮಿನ ಸಾರತೆಯಿಂದ ಗುಣಿಸಬೇಕು. 4.1 × 10⁻⁴ರ ವರ್ಗ 1.68 × 10⁻⁷, ಅದನ್ನು 2.05 × 10⁻⁴ರಿಂದ ಗುಣಿಸಿದರೆ 3.4 × 10⁻¹¹.

ಈ ಘಟ್ಟದಲ್ಲಿ ವಿದ್ಯಾರ್ಥಿಗಳು ಎಡವುವುದು ಸಾಮಾನ್ಯ. ಒಮ್ಮೆ ಇಮ್ಮಡಿಸಿದ್ದನ್ನೇ ಮತ್ತೆ ವರ್ಗಕ್ಕೇರಿಸಿದರೆ, ಒಂದೇ ಸಂಗತಿಯನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಗಲಿಲ್ಲವೇ ಎಂದು ಅವರು ಶಂಕಿಸುತ್ತಾರೆ. ಶಂಕಿಸಿ, ಇಮ್ಮಡಿಸುವುದನ್ನು ಕೈಬಿಟ್ಟು, ನಿಜವಾದ ಸಂಖ್ಯೆಯ ಕಾಲುಭಾಗವನ್ನು ಉತ್ತರವೆಂದು ಬರೆಯುತ್ತಾರೆ. ಶಂಕೆ ಯೋಗ್ಯವಾದದ್ದು, ಅದಕ್ಕೆ ಸಮಾಧಾನವೂ ಉಂಟು. ಇಮ್ಮಡಿಸುವುದು ಈ ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆಯೆಂಬುದರ ಎಣಿಕೆಗೆ ಸಂಬಂಧಿಸಿದ್ದು. ಇಲ್ಲಿರುವ ಫ್ಲೋರೈಡೆಲ್ಲವೂ ಈ ಲವಣದಿಂದಲೇ ಬಂದದ್ದರಿಂದ ಅದು ಕ್ಯಾಲ್ಸಿಯಮಿನ ಎರಡರಷ್ಟಾಗಿದೆ. ವರ್ಗಕ್ಕೇರಿಸುವುದಾದರೋ ನಿಯಮಕ್ಕೆ ಸಂಬಂಧಿಸಿದ್ದು. ಹರಳಿನ ಮೇಲೆ ಒಂದು ಕ್ಯಾಲ್ಸಿಯಮಿನ ಜೊತೆಗೆ ಎರಡು ಫ್ಲೋರೈಡುಗಳು ನೆಲೆಗೊಳ್ಳಬೇಕಾದದ್ದರಿಂದ ಅದು ಹುಟ್ಟಿದೆ. ಫ್ಲೋರೈಡ್ ಬೇರೆಲ್ಲಿಂದಲೋ ಬಂದಿದ್ದರೆ ಇಮ್ಮಡಿಸುವ ಮಾತೇ ಇಲ್ಲ, ವರ್ಗವು ಮಾತ್ರ ಎಂದಿಗೂ ಬಿಡದು. ಯಾವ ಅಯಾನು ಎಲ್ಲಿಂದ ಬಂದಿತೆಂದು ದ್ರಾವ್ಯತಾ ಗುಣಲಬ್ಧವು ವಿಚಾರಿಸುವುದಿಲ್ಲ. ಈಗ ನೀರಿನಲ್ಲಿ ಎಷ್ಟಿದೆಯೆಂಬುದನ್ನು ಮಾತ್ರ ನೋಡುತ್ತದೆ. ಈ ನಿಯಮದ ಬಲವೆಲ್ಲವೂ ಈ ಒಂದು ಗುಣದಲ್ಲಿದೆಯೆಂಬುದು ನನ್ನ ನಂಬಿಕೆ. ಮುಂದೆ ಹೇಳುವುದೆಲ್ಲವೂ ಇದರ ವಿಸ್ತಾರವೇ ಆಗಿದೆ.

ಸಿಲ್ವರ್ ಕ್ಲೋರೈಡಿನ ಸಂತೃಪ್ತ ದ್ರಾವಣವಿರುವ ಪಾತ್ರೆಗೆ ಲೀಟರಿಗೆ 58 ಮಿಲಿಗ್ರಾಂನಷ್ಟು ಅಡಿಗೆ ಉಪ್ಪನ್ನು, ಅಂದರೆ ಒಂದು ಮೋಲಿನ ಸಾವಿರದ ಒಂದು ಭಾಗವನ್ನು, ಸೇರಿಸಿದೆವೆನ್ನಿ. ಕ್ಲೋರೈಡ್ ಅಯಾನು ಒಮ್ಮೆಲೆ ಹೆಚ್ಚಿತು. ಗುಣಲಬ್ಧವು ಮಾತ್ರ 1.8 × 10⁻¹⁰ ಆಗಿಯೇ ಉಳಿಯಬೇಕಾದದ್ದರಿಂದ, ಸ್ವತಂತ್ರವಾದ ಸಿಲ್ವರ್ ಅಯಾನು 1.8 × 10⁻⁷ಕ್ಕೆ, ಎಂದರೆ ಮೊದಲಿದ್ದುದರ ಸುಮಾರು ಎಪ್ಪತ್ತೈದರಲ್ಲೊಂದು ಭಾಗಕ್ಕೆ, ಇಳಿಯಲೇಬೇಕು. ಉಳಿದದ್ದು ಒತ್ತರವಾಗಿ ತಳಕ್ಕೆ ಬೀಳಬೇಕು. ಉಪ್ಪಿನ ಕ್ಲೋರೈಡೂ ಬೆಳ್ಳಿಯ ಲವಣದ ಕ್ಲೋರೈಡೂ ನಿಯಮದ ಕಣ್ಣಿಗೆ ಒಂದೇ. ಇದನ್ನು ಸಮಾನ ಅಯಾನಿನ ಪರಿಣಾಮವೆನ್ನುತ್ತಾರೆ.

ಇದೇ ವಿಚಾರದ ಇನ್ನೊಂದು ಫಲವನ್ನು ನೀರಿನ ಪರೀಕ್ಷೆ ನಡೆಯುವ ಪ್ರಯೋಗಶಾಲೆಗಳಲ್ಲಿ ಇಂದಿಗೂ ಕಾಣಬಹುದು. ಕಾರ್ಲ್ ಫ್ರೀಡ್ರಿಕ್ ಮೋರ್ ಎಂಬ ಜರ್ಮನ್ ವಿಜ್ಞಾನಿ 1856ರಲ್ಲಿ ತೋರಿಸಿಕೊಟ್ಟ ವಿಧಾನದಂತೆ, ನೀರಿನಲ್ಲಿರುವ ಕ್ಲೋರೈಡನ್ನು ಅಳೆಯಲು ಅದಕ್ಕೆ ಸ್ವಲ್ಪ ಪೊಟಾಸಿಯಂ ಕ್ರೋಮೇಟನ್ನು ಬೆರೆಸಿ, ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುತ್ತಾರೆ. ಕ್ಲೋರೈಡ್ ಇರುವವರೆಗೂ ಬೀಳುವುದು ಬಿಳಿಯ ಒತ್ತರ. ಅದು ತೀರಿದ ಕ್ಷಣದಲ್ಲಿ ಇಟ್ಟಿಗೆಗೆಂಪಿನ ಸಿಲ್ವರ್ ಕ್ರೋಮೇಟ್ ತಲೆದೋರಿ ಕೆಲಸ ಮುಗಿಯಿತೆಂದು ಸಾರುತ್ತದೆ. ಸಿಲ್ವರ್ ಕ್ರೋಮೇಟಿನ ಗುಣಲಬ್ಧ 1.1 × 10⁻¹². ಅದು ಸಿಲ್ವರ್ ಕ್ಲೋರೈಡಿನದಕ್ಕಿಂತ ಚಿಕ್ಕದು. ಹಾಗಾದರೆ ಕ್ರೋಮೇಟೇ ಮೊದಲು ಬೀಳಬೇಕಲ್ಲವೇ? ಇಲ್ಲ. ಕ್ರೋಮೇಟಿನಲ್ಲಿ ಬೆಳ್ಳಿ ಎರಡು ಸಲ ಬರುವುದರಿಂದ, ಅದರ ಗುಣಲಬ್ಧವನ್ನು ನಾಲ್ಕರಿಂದ ಭಾಗಿಸಿ ಘನಮೂಲವನ್ನು ತೆಗೆದರೆ ಕರಗುವ ಮೊತ್ತ 6.5 × 10⁻⁵ ಮೋಲ್ ಎಂದು ತಿಳಿಯುತ್ತದೆ. ಇದು ಸಿಲ್ವರ್ ಕ್ಲೋರೈಡಿನದಕ್ಕಿಂತ ಸುಮಾರು ಐದು ಪಟ್ಟು. ಆದ್ದರಿಂದ ಬೇರೆಬೇರೆ ಬಗೆಯ ಲವಣಗಳ ಗುಣಲಬ್ಧಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸಲ್ಲದು. ಕರಗುವ ಮೊತ್ತವನ್ನು ಗಣಿಸಿದ ಮೇಲೆಯೇ ತೀರ್ಪು ಕೊಡತಕ್ಕದ್ದು.

ಲೀಟರಿಗೆ ಎರಡು ಮಿಲಿಗ್ರಾಂಗಿಂತಲೂ ಕಡಮೆಯಾದ ಅಂಶವನ್ನು ಅಳೆಯುವುದೆಂತು? ಜರ್ಮನಿಯ ಕೋಲ್‌ರಾಷ್ ಎಂಬ ಭೌತವಿಜ್ಞಾನಿ ಇದಕ್ಕೆ ಒಂದು ಸೊಗಸಾದ ಉಪಾಯವನ್ನು ಕಂಡನು. ಅಯಾನುಗಳು ವಿದ್ಯುತ್ತನ್ನು ಒಯ್ಯುತ್ತವೆ. ಆದ್ದರಿಂದ ದ್ರಾವಣದ ವಿದ್ಯುದ್ವಾಹಕತೆಯನ್ನು ಅಳೆದರೆ ಅಯಾನುಗಳನ್ನೇ ಎಣಿಸಿದಂತಾಗುತ್ತದೆ. ಏಕಮುಖ ಪ್ರವಾಹವು ದ್ರಾವಣವನ್ನು ಕೆಡಿಸುವುದರಿಂದ ಆತನು ಹಿಂದುಮುಂದಾಗಿ ಹರಿಯುವ ಪ್ರವಾಹವನ್ನು ಬಳಸಿ, ದೂರವಾಣಿಯ ಕಿವಿಗೊಳವೆಯಲ್ಲಿ ಸದ್ದು ಅಡಗುವ ಬಿಂದುವನ್ನು ಆಲಿಸಿ ಅಳತೆ ಮಾಡಿದನು. ಸಿಲ್ವರ್ ಕ್ಲೋರೈಡಿನ ಸಂತೃಪ್ತ ದ್ರಾವಣದ ವಾಹಕತೆಯಿಂದ ನೀರಿನದೇ ಆದ ವಾಹಕತೆಯನ್ನು ಕಳೆದರೆ, ಸೆಂಟಿಮೀಟರಿಗೆ ಸುಮಾರು 1.8 × 10⁻⁶ ಸೀಮೆನ್ಸ್ ಉಳಿಯುತ್ತದೆ. ಅತಿ ತೆಳುವಾದ ದ್ರಾವಣದಲ್ಲಿ ಈ ಲವಣದ ಒಂದು ಮೋಲಿನ ವಾಹಕತೆ 138 ಸೀಮೆನ್ಸ್ ಚದರ ಸೆಂಟಿಮೀಟರ್. ಮೊದಲನೆಯದನ್ನು ಸಾವಿರದಿಂದ ಗುಣಿಸಿ ಎರಡನೆಯದರಿಂದ ಭಾಗಿಸಿದರೆ ಲೀಟರಿಗೆ 1.3 × 10⁻⁵ ಮೋಲ್. ತೂಕದ ದಾರಿಯಲ್ಲಿ ಹೋದರೂ ವಿದ್ಯುತ್ತಿನ ದಾರಿಯಲ್ಲಿ ಹೋದರೂ ಒಂದೇ ಎಡೆಗೆ ತಲಪಿದೆವು. ನೀರಿನ ಪಾಲನ್ನು ಕಳೆಯುವುದನ್ನು ಮಾತ್ರ ಮರೆಯಬಾರದು. ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಬಟ್ಟಿನೀರಿನ ವಾಹಕತೆ, ನಾವು ಅಳೆಯಬೇಕಾದದ್ದಕ್ಕೆ ಹೆಚ್ಚುಕಡಮೆ ಸಮನಾಗಿಯೇ ಇರಬಹುದು.

ಈ ನಿಯಮಕ್ಕೆ ಎಲ್ಲೆಗಳೂ ಉಂಟು, ಅವನ್ನು ಅರಿಯದೆ ಬಳಸಿದರೆ ಅನರ್ಥವಾದೀತು. ಉಷ್ಣತೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ; ಕುದಿನೀರಿನಲ್ಲಿ ಸಿಲ್ವರ್ ಕ್ಲೋರೈಡು ಸುಮಾರು ಹತ್ತು ಪಟ್ಟು ಹೆಚ್ಚಾಗಿ ಕರಗುತ್ತದೆ. ಕ್ಲೋರೈಡನ್ನು ಮಿತಿಮೀರಿ ಸೇರಿಸಿದರೆ, ಬೆಳ್ಳಿಯು ಅದರೊಡನೆ ಕೂಡಿ ಬೇರೊಂದು ಸಂಯುಕ್ತ ಅಯಾನಾಗಿ ಪುನಃ ಕರಗತೊಡಗುತ್ತದೆ. ಇತರ ಲವಣಗಳು ದ್ರಾವಣದಲ್ಲಿ ತುಂಬಿಕೊಂಡಿದ್ದಾಗ ಅಯಾನುಗಳು ಪರಸ್ಪರ ಸೆಳೆತಕ್ಕೆ ಸಿಕ್ಕಿ, ತಮ್ಮ ಎಣಿಕೆಗಿಂತ ಕಡಮೆ ಪ್ರಭಾವವನ್ನು ತೋರಿಸುತ್ತವೆ. ಆಗ ಸಾರತೆಯ ಬದಲು ಪರಿಣಾಮಕಾರಿ ಸಾರತೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಪರಸ್ಪರ ಸೆಳೆತವನ್ನು ಗಣಿತದಿಂದ ಬಿಡಿಸಲು 1918ರಲ್ಲಿಯೇ ಯತ್ನಿಸಿದವರಲ್ಲಿ ನಮ್ಮ ದೇಶದ ಜ್ಞಾನಚಂದ್ರ ಘೋಷರು ಒಬ್ಬರು. ಮುಂದೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಇವರೇ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಎಂಬ ವಿಜ್ಞಾನಿಗಳು ಮಂಡಿಸಿದ ಸಿದ್ಧಾಂತವು ಘೋಷರ ಸೂತ್ರದ ಸ್ಥಾನವನ್ನು ಆಕ್ರಮಿಸಿತಾದರೂ, ಸಮಸ್ಯೆಯ ತಿರುಳು ಅಯಾನುಗಳ ವಿದ್ಯುದಾಕರ್ಷಣೆಯಲ್ಲಿದೆಯೆಂದು ಗುರುತಿಸಿದ ಅವರ ದೃಷ್ಟಿ ಗೌರವಾರ್ಹವಾದದ್ದು.

ಇನ್ನು ನಮ್ಮ ಬಾವಿಗಳ ಮಾತು. 1937ರಲ್ಲಿ ಶಾರ್ಟ್ ಎಂಬ ವೈದ್ಯಸಂಶೋಧಕರೂ ಅವರ ಸಹೋದ್ಯೋಗಿಗಳೂ, ಅಂದಿನ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಲ್ಲಿ, ಹಲ್ಲು ಕಲೆಗಟ್ಟಿ ಎಲುಬು ಸೆಟೆದುಕೊಳ್ಳುವ ವ್ಯಾಧಿಯೊಂದು ಕುಡಿಯುವ ನೀರಿನ ಫ್ಲೋರೈಡಿನಿಂದ ಬಂದದ್ದೆಂದು ತೋರಿಸಿಕೊಟ್ಟರು. ಕರ್ನಾಟಕದಲ್ಲಿಯೂ ಕೋಲಾರದ ಸೀಮೆ, ಪಾವಗಡ, ಮುಂಡರಗಿ, ರಾಯಚೂರು, ಕೊಪ್ಪಳ ಮೊದಲಾದ ಒಣಪ್ರದೇಶಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ಎಂಬುದು ಕುಡಿಯುವ ನೀರಿಗೆ ವಿಧಿಸಿರುವ ಕಡೆಯ ಎಲ್ಲೆ. ನೆಲದಾಳದ ಕಣಶಿಲೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಅದು ಎಷ್ಟರವರೆಗೆ ಏರಬಹುದೆಂಬುದನ್ನು ನಿರ್ಧರಿಸುವುದು ಅದೇ ನೀರಿನಲ್ಲಿರುವ ಕ್ಯಾಲ್ಸಿಯಂ. ಏಕೆಂದರೆ ಎರಡರ ಗುಣಲಬ್ಧವು 3.4 × 10⁻¹¹ ಎಂಬ ಗಡಿಯನ್ನು ದಾಟಿದರೆ ಹೆಚ್ಚಿನ ಅಂಶ ಕ್ಯಾಲ್ಸಿಯಂ ಫ್ಲೋರೈಡಾಗಿ ಒತ್ತರಗೊಳ್ಳಬೇಕು.

ಲೆಕ್ಕ ಮಾಡಿ ನೋಡೋಣ. ಒಂದು ಬಾವಿಯ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದು ಸರಿಯಾಗಿ ಒಂದು ಮೋಲಿನ ಸಾವಿರದ ಒಂದು ಭಾಗ. 3.4 × 10⁻¹¹ನ್ನು ಅದರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.8 × 10⁻⁴ ಮೋಲ್. ಫ್ಲೋರಿನ್ನಿನ ತೂಕವಾದ 19ರಿಂದ ಗುಣಿಸಿದರೆ ಲೀಟರಿಗೆ ಸುಮಾರು ಮೂರೂವರೆ ಮಿಲಿಗ್ರಾಂ ಫ್ಲೋರೈಡ್. ಇಲ್ಲಿ ಇಮ್ಮಡಿಸಲಿಲ್ಲ, ವರ್ಗವನ್ನು ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಇನ್ನೊಂದು ಬಾವಿಯಲ್ಲಿ ಕ್ಯಾಲ್ಸಿಯಂ ಕೇವಲ 10 ಮಿಲಿಗ್ರಾಂ. ಅದೇ ಲೆಕ್ಕದಂತೆ ಅಲ್ಲಿ ಫ್ಲೋರೈಡು ಏಳು ಮಿಲಿಗ್ರಾಂವರೆಗೂ ಏರಬಹುದು. ಇದು ಮೇಲಿನ ಎಲ್ಲೆಯೇ ಹೊರತು, ಅಷ್ಟು ಇದ್ದೇ ಇರುವುದೆಂದು ಅರ್ಥವಲ್ಲ. ಆದರೆ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಿಂದ ಕ್ಯಾಲ್ಸಿಯಂ ಸುಣ್ಣದ ಕಾರ್ಬೊನೇಟಾಗಿ ಬೇರ್ಪಟ್ಟು, ಜೇಡಿಯ ಸೋಡಿಯಮಿಗೆ ತನ್ನ ಎಡೆಯನ್ನು ಬಿಟ್ಟುಕೊಟ್ಟು ಕಡಮೆಯಾದಂತೆಲ್ಲ, ಫ್ಲೋರೈಡಿಗಿದ್ದ ತಡೆ ಸಡಿಲವಾಗುತ್ತದೆ. ಸೋಪು ಚೆನ್ನಾಗಿ ನೊರೆಯುವ ಮೆದುನೀರು ಒಳ್ಳೆಯ ನೀರೆಂಬ ಜನರ ಎಣಿಕೆ ಇಂಥ ಕಡೆ ಮೋಸಕ್ಕೆ ಎಡೆಗೊಡಬಹುದು. ನೀರನ್ನು ಕಾಯಿಸಿ ಕುಡಿದರೂ ಫ್ಲೋರೈಡ್ ಹೋಗದು. ಆವಿಯಾದಷ್ಟು ನೀರು ಕಳೆದು ಅದರ ಸಾರತೆ ಹೆಚ್ಚುವುದಲ್ಲದೆ, ತಡೆಯಾಗಿದ್ದ ಕ್ಯಾಲ್ಸಿಯಮಿನ ಒಂದಂಶವೂ ಪಾತ್ರೆಗೆ ಸುಣ್ಣವಾಗಿ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಸುಣ್ಣವನ್ನು ಬೆರೆಸಿ ಫ್ಲೋರೈಡನ್ನು ಕೆಳಗಿಳಿಸಬಾರದೇಕೆ? ಇದಕ್ಕೂ ಅದೇ ಸಂಖ್ಯೆ ಉತ್ತರ ಕೊಡುತ್ತದೆ. ಫ್ಲೋರೈಡು 1.5 ಮಿಲಿಗ್ರಾಂಗೆ ಇಳಿಯಬೇಕಾದರೆ ನೀರಿನಲ್ಲಿ ಲೀಟರಿಗೆ 220 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಉಳಿದಿರಬೇಕು. ಕುಡಿಯುವ ನೀರಿನಲ್ಲಿ ಕ್ಯಾಲ್ಸಿಯಮಿಗೆ ನಮ್ಮ ರಾಷ್ಟ್ರೀಯ ಮಾನಕವು ಒಪ್ಪುವ ಕಡೆಯ ಎಲ್ಲೆಯೇ 200 ಮಿಲಿಗ್ರಾಂ. ಸುಣ್ಣವೊಂದರಿಂದಲೇ ಕೆಲಸವಾಗದೆಂಬುದು ಪಾತ್ರೆಯನ್ನು ಮುಟ್ಟುವ ಮೊದಲೇ ಕಾಗದದ ಮೇಲೆ ಸಿದ್ಧವಾಯಿತು. ಆದುದರಿಂದಲೇ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆಗೆ ಪಟಿಕವನ್ನೂ ಬೆರೆಸುತ್ತಾರೆ. ಪಟಿಕದಿಂದ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಮೈಗೆ ಫ್ಲೋರೈಡು ಅಂಟಿಕೊಂಡು ತಳಕ್ಕಿಳಿಯುತ್ತದೆ.

ಕಡೆಯದಾಗಿ ಒಂದು ವಿಜ್ಞಾಪನೆ. ನೀರಿನ ಪರೀಕ್ಷೆಯ ವರದಿ ಕೈಗೆ ಬಂದಾಗ ಫ್ಲೋರೈಡಿನ ಸಂಖ್ಯೆಯನ್ನೂ ಕ್ಯಾಲ್ಸಿಯಮಿನ ಸಂಖ್ಯೆಯನ್ನೂ ಜೊತೆಯಾಗಿ ಓದುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು. ಫ್ಲೋರೈಡು ಇಂದು ಎಲ್ಲೆಯೊಳಗಿದ್ದರೂ ಕ್ಯಾಲ್ಸಿಯಂ ತೀರ ಕಡಮೆಯಿರುವ ಬಾವಿಯನ್ನು ಮತ್ತೆ ಮತ್ತೆ ಪರೀಕ್ಷಿಸತಕ್ಕದ್ದು. ಫ್ಲೋರೈಡು ಮಿತಿಮೀರಿದ ಸೀಮೆಗಳ ಶಾಲಾ ಕಾಲೇಜುಗಳ ಉಪಾಧ್ಯಾಯರು ದ್ರಾವ್ಯತಾ ಗುಣಲಬ್ಧದ ಪಾಠಕ್ಕೆ ಬಂದಾಗ, ಪುಸ್ತಕದ ಲೆಕ್ಕದೊಡನೆ ತಮ್ಮ ಊರಿನ ಬಾವಿಗಳ ಅಂಕಿಗಳನ್ನೂ ಮಕ್ಕಳ ಮುಂದೆ ಇಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಲ್ಲುಗಳು ರೂಪುಗೊಳ್ಳುವ ಬಾಲ್ಯದಲ್ಲಿ ಕುಡಿದ ನೀರೇ ಅವುಗಳ ಮೇಲೆ ಅಳಿಸಲಾಗದ ಕಲೆಯನ್ನು ಬಿಡುವುದರಿಂದ, ಈ ಲೆಕ್ಕದ ಫಲಾಫಲಗಳು ಮೊದಲು ತಟ್ಟುವುದು ಆ ಮಕ್ಕಳಿಗೇ. ಒಂದು ಭಾಗಾಕಾರ, ಒಂದು ವರ್ಗಮೂಲ, ಒಂದು ಗುಣಾಕಾರ, ಇಷ್ಟನ್ನು ಬಲ್ಲ ಹುಡುಗಿಯೊಬ್ಬಳು ತನ್ನ ಊರಿನ ಯಾವ ಬಾವಿಯನ್ನು ನಂಬಬಹುದು, ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ಪಂಚಾಯಿತಿಯ ಮುಂದೆ ಅಂಕಿಯಿಟ್ಟು ಹೇಳಬಲ್ಲಳು. ಅವಳಿಗೆ ಆ ಲೆಕ್ಕವನ್ನು ಕಲಿಸುವುದು ನಮ್ಮ ಹೊಣೆ.